ತಲೆ ಎಣಿಸಿದರೆ ಸಾಕು, ಮುಖ ಗುರುತಿಸುವುದು ಬೇಡ

ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಪ್ರತಿವರ್ಷ ಜನವರಿ 1ರಿಂದ ಫೆಬ್ರುವರಿ 15ರವರೆಗೆ ‘ನುಮಾಯಿಷ್’ ವಸ್ತುಪ್ರದರ್ಶನ ನಡೆಯುತ್ತದೆ. 1938ರಲ್ಲಿ ಪಬ್ಲಿಕ್ ಗಾರ್ಡನ್‌ನಲ್ಲಿ ಶುರುವಾದ ಇದು 1946ರಲ್ಲಿ ನಾಂಪಲ್ಲಿಗೆ ಬಂತು. 2019ರ ಜನವರಿ 30ರ ರಾತ್ರಿ ಇಲ್ಲಿ ಬೆಂಕಿ ಬಿದ್ದು ಸಾಲುಸಾಲು ಮಳಿಗೆಗಳು ಸುಟ್ಟವು. ಅಂಥ ಹೊತ್ತಿನಲ್ಲಿ ಯಾವ ಬಾಗಿಲಲ್ಲಿ ಎಷ್ಟು ಜನ ಒತ್ತರಿಸಿದ್ದಾರೆ ಎಂಬ ಲೆಕ್ಕ ಕೈಯಲ್ಲಿದ್ದರೆ ಜೀವ ಉಳಿಸಬಹುದು. ಆ ಲೆಕ್ಕಕ್ಕೆ ಯಾರ ಹೆಸರೂ ಬೇಕಿಲ್ಲ.

ಆದರೆ ದೃಶ್ಯಗಳೆಲ್ಲ ಒಂದು ನಿಯಂತ್ರಣ ಕೊಠಡಿಗೆ ಹೋಗಿ ಸೇರಿದರೆ, ಜನ ಎಣಿಸಲು ತಂದದ್ದನ್ನೇ ಜನರನ್ನು ಹುಡುಕಲೂ ಬಳಸಬಹುದು. ಈ ಭಯ ಊಹೆಯದಲ್ಲ. ಪೊಲೀಸರ ಮುಖ ಗುರುತಿಸುವ ತಂತ್ರಜ್ಞಾನವನ್ನು ಪ್ರಶ್ನಿಸಿ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ತೆಲಂಗಾಣ ಹೈಕೋರ್ಟಿನ ಮೆಟ್ಟಿಲೇರಿದರು. 2022ರ ಜನವರಿಯಲ್ಲಿ ನ್ಯಾಯಾಲಯ ಸರ್ಕಾರಕ್ಕೆ ನೋಟಿಸ್ ನೀಡಿತು.

ಇದಕ್ಕೆ ಅಂಗೈಯಗಲದ ಕಂಪ್ಯೂಟರಿನಲ್ಲಿ ಒಂದು ದಾರಿಯಿದೆ. ರಾಸ್ಪ್‌ಬೆರಿ ಪೈ 5ಕ್ಕೆ ಜೋಡಿಸುವ ಎಐ ಕಿಟ್ 2024ರ ಜೂನ್‌ನಲ್ಲಿ 70 ಡಾಲರಿಗೆ ಮಾರುಕಟ್ಟೆಗೆ ಬಂತು. ಅದರಲ್ಲಿರುವ ಹೈಲೊ-8ಎಲ್ ಚಿಪ್ಪಿನ ಸಾಮರ್ಥ್ಯ 13 ಟಾಪ್ಸ್, ಅಂದರೆ ಸೆಕೆಂಡಿಗೆ 13 ಲಕ್ಷ ಕೋಟಿ ಲೆಕ್ಕ. ಪೈ ಒಂದೇ ಏದುಸಿರು ಬಿಟ್ಟು ಮಾಡುವ ಕೆಲಸ ಇದಕ್ಕೆ ಸಲೀಸು. ಕ್ಯಾಮೆರಾದ ಪಕ್ಕದಲ್ಲೇ ತಲೆ ಎಣಿಸಿ, ಚಿತ್ರವನ್ನು ಅಲ್ಲೇ ಅಳಿಸಿ, ‘ಮೂರನೇ ಬಾಗಿಲು, 240 ಜನ’ ಎಂಬಷ್ಟನ್ನೇ ಹೊರಗೆ ಕಳಿಸಬಹುದು.

ಮಿತಿಗಳೂ ಇವೆ. ಆ 13 ಟಾಪ್ಸ್ 8 ಬಿಟ್‌ಗೆ ಇಳಿಸಿದ ಅಂಕಿಗಳ ಲೆಕ್ಕ. ಹಾಗೆ ಇಳಿಸುವಾಗ ನಿಖರತೆ ತುಸು ಕುಂದಬಹುದು. ಒಬ್ಬರ ಹಿಂದೊಬ್ಬರು ಮರೆಯಾಗುವ ಗುಂಪಿನಲ್ಲಿ ಎಣಿಕೆ ತಪ್ಪುತ್ತದೆ. ಮಾದರಿಯನ್ನು ಈ ಚಿಪ್ಪಿಗೆ ಒಗ್ಗಿಸಲು ಬೇರೆ ದೊಡ್ಡ ಕಂಪ್ಯೂಟರ್ ಬೇಕು. ಬಿಸಿ ತಡೆಯಲು ಫ್ಯಾನೂ ಬೇಕು.

ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ತಲೆ ಎಣಿಸುವ ಚಿಪ್ಪು ಮುಖವನ್ನೂ ಗುರುತಿಸಬಲ್ಲದು. ಡಬ್ಬಿ ಚಿಕ್ಕದಾದ ಮಾತ್ರಕ್ಕೆ ಖಾಸಗಿತನ ಉಳಿಯುವುದಿಲ್ಲ. ಅದನ್ನು ಉಳಿಸಬೇಕಾದದ್ದು ಟೆಂಡರಿನ ಕರಾರು: ಅಂಕಿ ಬಿಟ್ಟು ಬೇರೇನೂ ಹೊರಹೋಗಬಾರದು, ಚಿತ್ರ ಉಳಿಯಬಾರದು, ಒಳಗಿನ ತಂತ್ರಾಂಶವನ್ನು ಹೊರಗಿನವರು ಪರೀಕ್ಷಿಸಬೇಕು, ಫಲಕದಲ್ಲಿ ಇದನ್ನೆಲ್ಲ ತೆಲುಗು, ಉರ್ದುವಿನಲ್ಲಿ ಬರೆದು ಹಾಕಬೇಕು.

ಜಾತ್ರೆಯಲ್ಲಿ ಮಗು ಕಳೆದುಹೋದರೆ ಮುಖ ಗುರುತಿಸುವುದು ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಮಗುವಿಗಾಗಿ ಮೈಕಿನಲ್ಲಿ ಕೂಗಬಹುದು, ಬಾಗಿಲುಗಳಿಗೆ ಕಾವಲು ಹಾಕಬಹುದು. ಅದಕ್ಕಾಗಿ ಬಳೆ ಕೊಳ್ಳಲು ಬಂದವರೆಲ್ಲರ ಮುಖವನ್ನೂ ದಾಖಲಿಸುವುದು ಅತಿಯಾಯಿತು. ಮೊದಲು ದುಬಾರಿ ಸರ್ವರ್ ಬೇಕು, ಚಿತ್ರ ಕಳಿಸದೆ ಗತಿಯಿಲ್ಲ ಎನ್ನಬಹುದಿತ್ತು. 70 ಡಾಲರಿನ ಚಿಪ್ಪು ಆ ನೆಪವನ್ನು ಕಿತ್ತುಕೊಂಡಿದೆ. ಇನ್ನು ಮೇಲೂ ಮುಖಗಳನ್ನು ಕೂಡಿಟ್ಟರೆ ಅದು ಅನಿವಾರ್ಯವಲ್ಲ, ಆಯ್ಕೆ. ಏಕೆ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಇದೆ.