ತಾರಸಿಯಿಲ್ಲದವರ ಬಿಸಿಲು

ದೆಹಲಿಯ ಬದರ್‌ಪುರ ಕಲ್ಲಿದ್ದಲು ವಿದ್ಯುತ್ ಸ್ಥಾವರವು 2018ರ ಅಕ್ಟೋಬರಿನಲ್ಲಿ ಮುಚ್ಚಿತು. ಅಷ್ಟರಿಂದ ರಾಜಧಾನಿಯು ಕಲ್ಲಿದ್ದಲಿನ ಹಂಗನ್ನು ತೊರೆಯಲಿಲ್ಲ. ಸುಡುವ ಕೆಲಸವನ್ನು ಗಡಿಯಾಚೆಗೆ ದಾಟಿಸಿತು, ಅಷ್ಟೆ. ದಾದ್ರಿಯ ಹೊಗೆಗೆ ರಾಜ್ಯಗಳ ಎಲ್ಲೆ ತಿಳಿಯದು.

ಪಾವಗಡದಲ್ಲಿ ರೈತರಿಂದ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಕಟ್ಟಲಾಯಿತು. ದೆಹಲಿಗೆ ಅಷ್ಟು ನೆಲವಿಲ್ಲ. ಇರುವುದು ತಾರಸಿಗಳು ಮಾತ್ರ. ಅವುಗಳ ಬೆಲೆಯನ್ನು ಸರ್ಕಾರಗಳು ಅರಿತಿವೆ. 2024ರ ಮಾರ್ಚಿನಲ್ಲಿ ಅಧಿಸೂಚನೆಗೊಂಡ ದೆಹಲಿ ಸೌರ ನೀತಿಯು 3 ಕಿಲೋವಾಟ್‌ವರೆಗಿನ ಮನೆಗಳಿಗೆ ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 3 ರೂಪಾಯಿಯಂತೆ ಐದು ವರ್ಷ ಪ್ರೋತ್ಸಾಹಧನ ಘೋಷಿಸಿತು. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ ದೊರೆಯುವ 78,000 ರೂಪಾಯಿಗೆ 2025ರಲ್ಲಿ ದೆಹಲಿ ಸರ್ಕಾರ 30,000 ಸೇರಿಸಿತು. ಈ ನಡುವೆ ಆಡಳಿತ ಪಕ್ಷ ಬದಲಾಗಿತ್ತು. ಆದರೂ ಉದ್ದೇಶ ಕೈಬಿಡಲಿಲ್ಲವೆಂಬುದು ರಾಜಧಾನಿಯ ರಾಜಕಾರಣದಲ್ಲಿ ಅಪರೂಪವೇ ಸರಿ.

ಆದರೆ ಈ ಧನ ಸೇರುವುದು ಯಾರಿಗೆ? ದೆಹಲಿಯ ನಾಲ್ಕಂತಸ್ತಿನ ‘ಬಿಲ್ಡರ್ ಫ್ಲೋರ್’ಗಳಲ್ಲಿ ಪ್ರತಿ ಅಂತಸ್ತಿಗೂ ಬೇರೆ ಒಡೆಯ. ತಾರಸಿಯ ಹಕ್ಕನ್ನು ಹೆಚ್ಚಾಗಿ ಮೇಲಂತಸ್ತಿನೊಂದಿಗೇ ಮಾರಲಾಗಿರುತ್ತದೆ. ಕೆಳಗಿನ ಮೂವರಿಗೆ ಬಿಸಿಲು ಕಾಣುತ್ತದೆ, ಕೈಗೆ ಸಿಗದು. ಬಾಡಿಗೆದಾರನ ಪಾಡು ಇನ್ನೂ ಕಠಿಣ: ಹನ್ನೊಂದು ತಿಂಗಳ ಕರಾರಿನವನು ಇಪ್ಪತ್ತೈದು ವರ್ಷ ಬಾಳುವ ಫಲಕಕ್ಕೆ ಹಣ ಹೂಡುವನೇ? ಉದ್ಯೋಗಕ್ಕಾಗಿ ಬಂದು ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳ ಸ್ಥಿತಿಯೂ ಇದೇ.

ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ‘ವರ್ಚುವಲ್ ನೆಟ್ ಮೀಟರಿಂಗ್’ ವ್ಯವಸ್ಥೆಯಲ್ಲಿ ಫಲಕ ಒಂದೆಡೆಯಿದ್ದರೂ ಅದರ ವಿದ್ಯುತ್ತನ್ನು ಹಲವು ಮನೆಗಳ ಬಿಲ್ಲುಗಳಲ್ಲಿ ಪಾಲಿನಂತೆ ಕಳೆಯಬಹುದು. ದೆಹಲಿ ವಿದ್ಯುತ್ ನಿಯಂತ್ರಣ ಆಯೋಗವು 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಬೇಕಿರುವುದು ಇಚ್ಛಾಶಕ್ತಿ: ಮಾಲೀಕತ್ವದ ಪತ್ರ ಕೇಳದೆ ಬಾಡಿಗೆದಾರನಿಗೂ ಪಾಲು, ಮನೆ ಬದಲಿಸಿದರೆ ಹೊಸ ಮೀಟರಿಗೆ ಆ ಪಾಲಿನ ವರ್ಗಾವಣೆ, ಅರ್ಜಿಗೆ ದಿನಗಳ ಗಡುವು. ಧರ್ಮಶಾಲೆ, ವಿದ್ಯಾರ್ಥಿನಿಲಯಗಳ ವಿಶಾಲ ತಾರಸಿಗಳು ನೆರೆಹೊರೆಯ ಮನೆಗಳಿಗೆ ಬೆಳಕು ಕೊಡುವಂತಾಗಲಿ. ಸಮಾಜದ ಟ್ರಸ್ಟುಗಳು ಅಮೃತಶಿಲೆಗೆ ತೋರುವ ಔದಾರ್ಯದ ಒಂದು ಪಾಲು ಇದಕ್ಕೆ ಸಾಕು.

ಯಮುನೆ ದಾಟಿದರೆ ನೋಯ್ಡಾ ಉತ್ತರಪ್ರದೇಶದ್ದು, ಗುರುಗ್ರಾಮ ಹರಿಯಾಣದ್ದು. ಆಯೋಗ ಬೇರೆ, ನಿಯಮ ಬೇರೆ. ಉಸಿರಾಡುವ ಗಾಳಿ ಒಂದೇ ಆಗಿರುವಾಗ ಮೂರೂ ಸರ್ಕಾರಗಳು ಕುಳಿತು ಒಂದೇ ನಿಯಮ ಬರೆಯಬೇಕು. ಅದೂ ಮುಂದಿನ ಚಳಿಗಾಲದ ಹೊಗೆಮಂಜು ಕವಿಯುವ ಮುನ್ನ.