ಅಕ್ಟೋಬರ್ ಇಪ್ಪತ್ತೆಂಟರ ಮೆಟಾಲಿಕಾ

1981ರಲ್ಲಿ ಲಾಸ್ ಏಂಜಲಿಸ್‌ನ 'ದಿ ರಿಸೈಕ್ಲರ್' ಪತ್ರಿಕೆಯಲ್ಲಿ ಹದಿಹರೆಯದ ಹುಡುಗನೊಬ್ಬ ಸಣ್ಣದೊಂದು ಜಾಹೀರಾತು ಹಾಕಿಸಿದ. ತಾನು ಡ್ರಮ್ಸ್ ಬಾರಿಸುತ್ತೇನೆ, ಜೊತೆಗೆ ನುಡಿಸುವವರು ಬೇಕು ಎನ್ನುವುದು ಅದರ ಸಾರ. ಹುಡುಗನ ಹೆಸರು ಲಾರ್ಸ್ ಉಲ್ರಿಕ್. ತಾಯ್ನಾಡು ಡೆನ್ಮಾರ್ಕ್, ತಂದೆ ಟಾರ್ಬೆನ್ ಉಲ್ರಿಕ್ ಹೆಸರಾಂತ ಟೆನಿಸ್ ಆಟಗಾರ. ಮಗ ಅಮೆರಿಕಕ್ಕೆ ಬಂದದ್ದೂ ಟೆನಿಸ್ ಕಲಿಯಲೆಂದೇ. ರ‍್ಯಾಕೆಟ್ ಹಿಡಿಯಬೇಕಿದ್ದ ಕೈ ಡ್ರಮ್ಸ್ ಕೋಲು ಹಿಡಿಯಿತು. ಜಾಹೀರಾತು ನೋಡಿ ಬಂದವರಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಎಂಬ ಗಿಟಾರ್ ವಾದಕನಿದ್ದ. ಮೊದಲ ಭೇಟಿಯಲ್ಲಿ ಇಬ್ಬರಿಗೂ ಕೂಡಿಬರಲಿಲ್ಲ.

ಉಲ್ರಿಕ್ ಸುಮ್ಮನಿರುವ ಪೈಕಿಯಲ್ಲ. ಬ್ರಯನ್ ಸ್ಲೇಗಲ್ ಎಂಬ ಗೆಳೆಯ ಹೊಸ ಬ್ಯಾಂಡ್‌ಗಳ ಹಾಡುಗಳನ್ನು ಒಟ್ಟುಮಾಡಿ 'ಮೆಟಲ್ ಮ್ಯಾಸಕರ್' ಎಂಬ ರೆಕಾರ್ಡ್ ತರುವ ಸನ್ನಾಹದಲ್ಲಿದ್ದ. ಅದರಲ್ಲಿ ತನಗೂ ಒಂದು ಜಾಗ ಕೊಡು ಎಂದು ಉಲ್ರಿಕ್ ಕೇಳಿದಾಗ ಅವನ ಬಳಿ ಬ್ಯಾಂಡೇ ಇರಲಿಲ್ಲ! ಜಾಗ ಸಿಕ್ಕಿತು. ಆಮೇಲೆ ಹೆಟ್‌ಫೀಲ್ಡ್‌ನನ್ನು ಮತ್ತೆ ಒಪ್ಪಿಸಿದ. ಹೆಸರು ಬಂದ ಬಗೆಯೂ ಹಾಗೆಯೇ. ಸ್ಯಾನ್ ಫ್ರಾನ್ಸಿಸ್ಕೋದ ರಾನ್ ಕ್ವಿಂಟಾನಾ ತನ್ನ ಪತ್ರಿಕೆಗೆ 'ಮೆಟಲ್ ಮೇನಿಯಾ' ಎನ್ನಲೋ 'ಮೆಟಾಲಿಕಾ' ಎನ್ನಲೋ ಎಂದು ಕೇಳಿದ. ಮೊದಲನೆಯದನ್ನು ಇಟ್ಟುಕೋ ಎಂದ ಉಲ್ರಿಕ್, ಎರಡನೆಯದನ್ನು ತನ್ನ ಬ್ಯಾಂಡಿಗೆ ಇಟ್ಟ. 1982ರ ಜೂನ್‌ನಲ್ಲಿ ರೆಕಾರ್ಡ್ ಹೊರಬಂದಾಗ ಆ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿ ಅಚ್ಚಾಗಿತ್ತು. ಬ್ಯಾಂಡ್ ಹುಟ್ಟಿದ ದಿನವೆಂದು ಅವರೇ ಹೇಳಿಕೊಳ್ಳುವುದು 1981ರ ಅಕ್ಟೋಬರ್ 28.

ಐದು ವರ್ಷ ಕಳೆದು ಅದೇ ತಾರೀಖು ಬೇರೆಯೇ ಭಾರ ಹೊತ್ತು ಬಂತು. 1986ರ ಸೆಪ್ಟೆಂಬರ್ 27ರ ಮುಂಜಾವ ಸ್ವೀಡನ್ನಿನ ಹೆದ್ದಾರಿಯಲ್ಲಿ ಬ್ಯಾಂಡಿನ ಬಸ್ಸು ಉರುಳಿತು. ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ಅಲ್ಲೇ ತೀರಿಕೊಂಡ. ವಯಸ್ಸು 24. ಹಿಂದಿನ ರಾತ್ರಿ ಯಾರು ಯಾವ ಹಾಸಿಗೆಯಲ್ಲಿ ಮಲಗಬೇಕೆಂದು ಇಸ್ಪೀಟು ಎಲೆ ಎತ್ತಿದ್ದರು. ಇಸ್ಪೀಟಿನ ಎಕ್ಕ ಬರ್ಟನ್‌ಗೆ ಬಂದಿತ್ತು, ಅವನು ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ನ ಜಾಗ ಆರಿಸಿಕೊಂಡಿದ್ದ. ಆ ವರ್ಷದ ಮಾರ್ಚ್‌ನಲ್ಲಷ್ಟೇ 'ಮಾಸ್ಟರ್ ಆಫ್ ಪಪೆಟ್ಸ್' ಬಂದಿತ್ತು. ಥ್ರ್ಯಾಶ್ ಮೆಟಲ್ ಎಂಬ ವೇಗದ, ಗಡುಸು ಸಂಗೀತಕ್ಕೆ ಅದು ಇವತ್ತಿಗೂ ಅಳತೆಗೋಲು. ಅಂಥ ಹೊತ್ತಿನಲ್ಲಿ ಬ್ಯಾಂಡ್ ನಿಂತೇ ಹೋಗಬಹುದಿತ್ತು. ನಿಲ್ಲಲಿಲ್ಲ. ಹಲವರನ್ನು ಕೇಳಿ ನೋಡಿ, ಅಕ್ಟೋಬರ್ 28ರಂದು ಜೇಸನ್ ನ್ಯೂಸ್ಟೆಡ್‌ನನ್ನು ಸೇರಿಸಿಕೊಂಡರು. ಅವನು ಬ್ಯಾಂಡಿನ ಹಾಡುಗಳನ್ನೆಲ್ಲ ಮೊದಲೇ ಕಲಿತು ಬಂದಿದ್ದ. ಅಂದರೆ ಹೊಸ ವಾದಕನಾಗಿ ಬಂದವನು ಅದಕ್ಕೂ ಮುಂಚೆ ಒಬ್ಬ ಶ್ರದ್ಧೆಯ ಕೇಳುಗನಾಗಿದ್ದ.

ಕಲಾವಿದನೊಬ್ಬನ ದಿನವನ್ನು ಕ್ಯಾಲೆಂಡರಿನಲ್ಲಿ ಉಳಿಸುವವರು ಯಾರು ಎಂಬ ಪ್ರಶ್ನೆಗೆ ಚೆನ್ನೈ ಸೀಮೆಯಲ್ಲಿ ಕೂತು ಬರೆಯುವ ಯಾರಿಗಾದರೂ ಬೆಂಗಳೂರು ನಾಗರತ್ನಮ್ಮನ ನೆನಪು ಬಂದೇ ಬರುತ್ತದೆ. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಕಲಿತು, ಮದ್ರಾಸಿನಲ್ಲಿ ಹೆಸರು ಮಾಡಿದ ಗಾಯಕಿ ಆಕೆ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತನ್ನ ಸಂಪಾದನೆ ಸುರಿದು ಗುಡಿ ಕಟ್ಟಿಸಿದಳು; 1926ರಲ್ಲಿ ಅಲ್ಲಿ ಪ್ರತಿಷ್ಠೆ ನಡೆಯಿತು. ಆರಾಧನೆಯಲ್ಲಿ ಹೆಂಗಸರು ಹಾಡಬಾರದೆಂದವರ ಎದುರಿಗೆ ಹೆಂಗಸರದ್ದೇ ಆರಾಧನೆ ನಡೆಸಿದಳು. ತ್ಯಾಗರಾಜರ ಪುಣ್ಯತಿಥಿಯಾದ ಪುಷ್ಯ ಬಹುಳ ಪಂಚಮಿ ಇಂದು ಇಡೀ ದಕ್ಷಿಣಕ್ಕೆ ಸಂಗೀತದ ದಿನವಾಗಿ ಉಳಿದದ್ದರಲ್ಲಿ ಆಕೆಯ ಪಾಲು ಬಹಳ ದೊಡ್ಡದು. ರಾಕ್ ಸಂಗೀತಕ್ಕೂ ಆರಾಧನೆಗೂ ಸ್ವರದಲ್ಲಿ ನಂಟಿಲ್ಲದಿರಬಹುದು. ಆದರೆ ಒಂದು ದಿನವನ್ನು ದಿನವನ್ನಾಗಿ ಮಾಡುವವರು ಅದಕ್ಕಾಗಿ ದೂರದಿಂದ ಬಂದು ಸೇರುವ ಜನ ಎಂಬ ಮಾತು ಎರಡೂ ಕಡೆ ನಿಜ.

ಹಾಗೆ ಬಂದ ಜನರನ್ನು ಹೇಗೆ ನಡೆಸಿಕೊಂಡೆವು? ಮೂರನೆಯ ಅಕ್ಟೋಬರ್ 28 ನಮ್ಮ ದೇಶದ್ದೇ.

2011. ಮೆಟಾಲಿಕಾಗೆ ಮೂವತ್ತು ತುಂಬಿದ ಶುಕ್ರವಾರ. ಬುಧವಾರವಷ್ಟೇ ದೀಪಾವಳಿ ಮುಗಿದಿತ್ತು. ಭಾನುವಾರ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ಗ್ರೇಟರ್ ನೋಯ್ಡಾದಲ್ಲಿ ನಡೆಯಲಿತ್ತು. ಅದರ ಸಡಗರದ ಭಾಗವಾಗಿ ಮೆಟಾಲಿಕಾ ಭಾರತದಲ್ಲಿ ಮೊಟ್ಟಮೊದಲ ಬಾರಿಗೆ ಗುರುಗ್ರಾಮದ ಲೀಷರ್ ವ್ಯಾಲಿ ಮೈದಾನದಲ್ಲಿ ನುಡಿಸಬೇಕಿತ್ತು. ಅಲ್ಲಿಯವರೆಗೆ ಕ್ಯಾಸೆಟ್ಟಿನಲ್ಲೂ ಸೀಡಿಯಲ್ಲೂ ಮಾತ್ರ ಕೇಳಿದ್ದವರು ಸಾವಿರಗಟ್ಟಲೆ ಬಂದಿದ್ದರು. ವೇದಿಕೆಯ ಮುಂದಿನ ಬ್ಯಾರಿಕೇಡ್ ಜನರ ಒತ್ತಡಕ್ಕೆ ತಾಳಲಿಲ್ಲ. ಬಹಳ ಹೊತ್ತು ಕಾಯಿಸಿದ ಮೇಲೆ, ಕಾರ್ಯಕ್ರಮ ಮರುದಿನಕ್ಕೆ ಹೋಯಿತು ಎಂಬ ಘೋಷಣೆ ಬಂತು. ಕೆರಳಿದ ಕೆಲವರು ವೇದಿಕೆಗೆ ನುಗ್ಗಿ ಉಪಕರಣ ಒಡೆದರು. ಕೊನೆಗೆ ಕಾರ್ಯಕ್ರಮವೇ ರದ್ದು. ಆಯೋಜಕ ಸಂಸ್ಥೆಯ ನಾಲ್ವರನ್ನು ಪೊಲೀಸರು ಬಂಧಿಸಿದರು.

ಮರುದಿನದ ಸುದ್ದಿಗಳಲ್ಲಿ ಮುರಿದ ಸ್ಪೀಕರುಗಳ ಚಿತ್ರಗಳೇ ಹೆಚ್ಚು. ಹೆವಿ ಮೆಟಲ್ ಕೇಳುವವರು ಪುಂಡರು ಎಂದು ಮೊದಲೇ ತೀರ್ಮಾನಿಸಿದ್ದವರಿಗೆ ಅಷ್ಟು ಸಾಕಾಯಿತು. ಒಡೆದವರದ್ದು ತಪ್ಪು, ಎರಡು ಮಾತಿಲ್ಲ. ಆದರೆ ಬ್ಯಾರಿಕೇಡ್ ಮುರಿದದ್ದು ಅದಕ್ಕೂ ಮೊದಲು. ಅಡ್ಡಗಟ್ಟು ಗಟ್ಟಿಯಿಲ್ಲದ ಮೈದಾನದಲ್ಲಿ ನುಡಿಸುವುದಿಲ್ಲ ಎಂಬ ನಿರ್ಧಾರ ಎಷ್ಟೇ ಕಹಿಯಾದರೂ ಸರಿಯಾದದ್ದು. ಆ ನಿರ್ಧಾರವನ್ನೂ ಅದರ ಕಾರಣವನ್ನೂ ಕಾದು ನಿಂತ ಜನರಿಗೆ ಹೊತ್ತಿಗೆ ಸರಿಯಾಗಿ, ನೆಟ್ಟಗೆ ಹೇಳದೆ ಇದ್ದದ್ದು ತಪ್ಪು. ಮೈಕು ಇತ್ತು, ವೇದಿಕೆ ಇತ್ತು.

ಆ ಅಕ್ಟೋಬರ್‌ನಲ್ಲಿ ಇತ್ತ ಚೆನ್ನೈ ಅಂಚಿನ ಪೆರುಂಗುಡಿ ಒಂದು ಗಡಿ ದಾಟುತ್ತಿತ್ತು. ಪಟ್ಟಣ ಪಂಚಾಯತಿಯಾಗಿದ್ದ ಈ ಊರು ಚೆನ್ನೈ ಮಹಾನಗರ ಪಾಲಿಕೆಗೆ ಸೇರಿದ್ದು ಆ ತಿಂಗಳ ಚುನಾವಣೆಯ ಹೊತ್ತಿಗೆ. 174 ಚದರ ಕಿಲೋಮೀಟರ್ ಇದ್ದ ಪಾಲಿಕೆ 426ಕ್ಕೆ ಹಿಗ್ಗಿತು. ಪೆರುಂಗುಡಿ ಹದಿನಾಲ್ಕನೆಯ ವಲಯವಾಯಿತು. ಒಂದು ಕಡೆ ಪಳ್ಳಿಕರಣೈ ಜೌಗು, ನಗರದ ಕಸ ಬಂದು ಬೀಳುವ ದಿಬ್ಬ. ಇನ್ನೊಂದು ಕಡೆ ಓಎಂಆರ್ (ಹಳೆ ಮಹಾಬಲಿಪುರಂ ರಸ್ತೆ) ಉದ್ದಕ್ಕೂ ಗಾಜಿನ ಕಟ್ಟಡಗಳು. ಅವುಗಳೊಳಗೆ ತಮಿಳು, ತೆಲುಗು, ಮಲಯಾಳದ ಜೊತೆ ಧಾರವಾಡದ ಕನ್ನಡ, ಮೈಸೂರಿನ ಕನ್ನಡ, ಮಂಗಳೂರಿನ ಕನ್ನಡವೂ ಕೇಳುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೋಡ್ ಬರೆಯುವ ಈ ಪೀಳಿಗೆಗೆ ಮೆಟಾಲಿಕಾ ಹೊರಗಿನ ಸಂಗೀತವಲ್ಲ. ಇಲ್ಲಿಂದ ಸ್ವಲ್ಪವೇ ದೂರದ ಐಐಟಿ ಮದ್ರಾಸಿನ ಸಾರಂಗ್ ಉತ್ಸವದಲ್ಲಿ 2009ರಲ್ಲಿ ಸ್ವೀಡನ್ನಿನ ಓಪೆತ್ ಬ್ಯಾಂಡ್ ನುಡಿಸಿತ್ತು. ಆದರೆ ಮೆಟಾಲಿಕಾದ ಪಟ್ಟಿಯಲ್ಲಿ ಚೆನ್ನೈ ಇರಲಿಲ್ಲ. ಇಲ್ಲಿನವರಿಗೆ ಹತ್ತಿರವೆಂದರೆ ಬೆಂಗಳೂರು. ಶುಕ್ರವಾರ ರಾತ್ರಿ ಗುರುಗ್ರಾಮದ ಸುದ್ದಿ ಬಂದಾಗ, ಭಾನುವಾರದ ಬೆಂಗಳೂರು ಕಾರ್ಯಕ್ರಮದ ಟಿಕೆಟ್ ಕೈಯಲ್ಲಿ ಹಿಡಿದಿದ್ದವರಿಗೆಲ್ಲ ರೈಲು ಹತ್ತಬೇಕೋ ಬೇಡವೋ ಎಂಬ ಆತಂಕ ತಪ್ಪಿದ್ದಲ್ಲ.

ಬೆಂಗಳೂರಿನಲ್ಲಿ ಕಾರ್ಯಕ್ರಮ ನಡೆಯಿತು. ಅಕ್ಟೋಬರ್ 30, ಅರಮನೆ ಮೈದಾನ. ಅದೇ ನೆಲದಲ್ಲಿ 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್ ನುಡಿಸಿ ಹೋಗಿದ್ದವು. ಹಾಗಾಗಿ ಆ ಊರಿಗೂ ಅಲ್ಲಿನ ಕೇಳುಗರಿಗೂ ಇಂಥ ರಾತ್ರಿಗಳ ಅಭ್ಯಾಸವಿತ್ತು. ಮೆಟಾಲಿಕಾಗೆ ಮೊದಲು ವೇದಿಕೆ ಹತ್ತಿದವರಲ್ಲಿ ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಜೊತೆಗೆ ಬೆಂಗಳೂರಿನದ್ದೇ ಇನ್ನರ್ ಸ್ಯಾಂಕ್ಟಮ್ ಕೂಡ ಇತ್ತು. ನಾಲ್ಕು ವರ್ಷ ಹಿಂದೆ ಕಟ್ಟಿದ ಬ್ಯಾಂಡಿಗೆ, ತಾವು ಯಾರನ್ನು ಕೇಳಿ ಗಿಟಾರ್ ಕೈಗೆತ್ತಿಕೊಂಡರೋ ಅವರಿಗಿಂತ ಮುಂಚೆ ಅದೇ ವೇದಿಕೆಯಲ್ಲಿ ನಿಲ್ಲುವ ಭಾಗ್ಯ. ದೆಹಲಿಯ ಕಡೆ ಟಿಕೆಟ್ ಕೊಂಡು ನಿರಾಶರಾದವರಲ್ಲಿ ಕೆಲವರು ವಿಮಾನ ಹಿಡಿದು ಬಂದರು. ಹೆಟ್‌ಫೀಲ್ಡ್, ಉಲ್ರಿಕ್, ಹ್ಯಾಮೆಟ್, ನ್ಯೂಸ್ಟೆಡ್ ಜಾಗಕ್ಕೆ ಬಂದ ರಾಬರ್ಟ್ ಟ್ರುಹಿಯೋ ನಾಲ್ವರೂ ಎರಡು ಗಂಟೆಯಷ್ಟು ನುಡಿಸಿದರು. ಇನ್ನೆರಡು ದಿನಕ್ಕೆ ರಾಜ್ಯೋತ್ಸವ; ಊರಿನ ರಸ್ತೆಗಳಲ್ಲಿ ಹಳದಿ ಕೆಂಪು ಬಾವುಟ ಏರುವ ಹೊತ್ತು. ಗುರುಗ್ರಾಮದಲ್ಲಿ ಪುಂಡರೆನಿಸಿಕೊಂಡ ಅದೇ ಜಾತಿಯ ಕೇಳುಗರು ಇಲ್ಲಿ ಕುಣಿದು, ಕೂಗಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಹೋದರು.

ಹಾಗಾದರೆ ವ್ಯತ್ಯಾಸ ಇದ್ದದ್ದು ಜನರ ಗುಣದಲ್ಲಲ್ಲ. ನಮ್ಮ ಹಳ್ಳಿಗಳ ರಥೋತ್ಸವದಲ್ಲಿ ಸಾವಿರ ಕೈ ಹಗ್ಗ ಎಳೆಯುವಾಗ, ಗಾಲಿಗೆ ಮರದ ತುಂಡು ಕೊಟ್ಟು ತೇರನ್ನು ತಡೆಯುವ ಅನುಭವಿಗಳು ನಾಲ್ಕೇ ಜನ. ಅವರ ಕೂಗಿಗೆ ಇಡೀ ಊರು ನಿಲ್ಲುತ್ತದೆ. ದೊಡ್ಡ ಸಂಗೀತ ಕಾರ್ಯಕ್ರಮಕ್ಕೂ ಅಂಥವರು ಬೇಕು, ಅವರಿಗೆ ನಿಲ್ಲಿಸುವ ಅಧಿಕಾರವೂ ಬೇಕು.

ಅಂಥವರಿಲ್ಲದೆ ಹೋದ ದಿನಗಳು ರಾಕ್ ಇತಿಹಾಸದಲ್ಲಿ ಕಪ್ಪು ತಾರೀಖುಗಳಾಗಿ ಉಳಿದಿವೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ಬ್ಯಾಂಡಿನ ಕಾರ್ಯಕ್ರಮವಿತ್ತು. ಹೆಚ್ಚಿನ ಟಿಕೆಟ್‌ಗಳಿಗೆ ಆಸನ ಗೊತ್ತುಮಾಡಿರಲಿಲ್ಲ, ಮೊದಲು ಓಡಿದವರಿಗೆ ಮುಂದಿನ ಜಾಗ. ಚಳಿಯಲ್ಲಿ ಕಾದಿದ್ದ ಸಾವಿರಾರು ಜನರಿಗೆ ತೆರೆದದ್ದು ಕೆಲವೇ ಬಾಗಿಲು. ಒಳಗಿಂದ ಧ್ವನಿ ಪರೀಕ್ಷೆಯ ಸದ್ದು ಕೇಳಿ ಹಾಡು ಶುರುವಾಯಿತೆಂದು ಹಿಂದಿನವರು ನೂಕಿದರು. ಹನ್ನೊಂದು ಜನ ಸತ್ತರು. ಬ್ಯಾಂಡಿಗೆ ವಿಷಯ ತಿಳಿಸಿದ್ದು ಹಾಡೆಲ್ಲ ಮುಗಿದ ಮೇಲೆ. ಆ ತಿಂಗಳೇ ನಗರಸಭೆ ಆಸನ ಗೊತ್ತಿಲ್ಲದ ಟಿಕೆಟ್‌ಗಳನ್ನು ನಿಷೇಧಿಸಿತು, ನಿಷೇಧ 2004ರವರೆಗೂ ಇತ್ತು. ದಿ ಹೂ ಮತ್ತೆ ಆ ಊರಿನಲ್ಲಿ ನುಡಿಸಿದ್ದು 2022ರ ಮೇ 15ರಂದು, 42 ವರ್ಷ ಕಳೆದ ಮೇಲೆ. 2000ದ ಜೂನ್ 30ರಂದು ಉಲ್ರಿಕ್‌ನ ತವರು ಡೆನ್ಮಾರ್ಕಿನ ರೋಸ್ಕಿಲ್ಡ್ ಉತ್ಸವದಲ್ಲಿ ಪರ್ಲ್ ಜಾಮ್ ನುಡಿಸುತ್ತಿದ್ದಾಗ ಒಂಬತ್ತು ಯುವಕರು ವೇದಿಕೆಯ ಮುಂದೆಯೇ ತುಳಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟರು. ಆಮೇಲೆ ಅಲ್ಲಿ ವೇದಿಕೆಯ ಎದುರಿನ ಜಾಗವನ್ನು ಬೇಲಿ ಹಾಕಿ ಭಾಗ ಮಾಡಿ, ಲೆಕ್ಕಕ್ಕೆ ತಕ್ಕಷ್ಟೇ ಜನರನ್ನು ಬಿಡುವ ಪದ್ಧತಿ ಬಂತು.

ಸಿನ್ಸಿನಾಟಿಯ ಹನ್ನೊಂದು ಎಂಬ ಸಂಖ್ಯೆ ಕನ್ನಡಿಗರ ಎದೆಗೆ ಬೇರೆ ಕಾರಣದಿಂದ ಚುಚ್ಚುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸತ್ತವರೂ ಹನ್ನೊಂದು ಜನ. ಬೆಂಗಳೂರಿನದ್ದು ಕ್ರಿಕೆಟ್ ವಿಜಯೋತ್ಸವ, ಸಿನ್ಸಿನಾಟಿಯದ್ದು ಸಂಗೀತ. ಬೆಂಗಳೂರಿನಲ್ಲಿ ಒಳಗೆ ಹಿಡಿಸುವುದಕ್ಕಿಂತ ಹಲವು ಪಟ್ಟು ಜನ, ಪ್ರವೇಶ ಯಾರಿಗೆ ಎಂಬುದರ ಗೊಂದಲವೂ ಇತ್ತು. ಆದರೆ ಮುಚ್ಚಿದ ಬಾಗಿಲು, ಹೊರಗೆ ನೂಕುನುಗ್ಗಲು ನಡೆದಿದ್ದರೂ ಒಳಗೆ ಮುಂದುವರಿದ ಸಂಭ್ರಮ ಎರಡೂ ಸಿನ್ಸಿನಾಟಿಯಲ್ಲಿ ನಲವತ್ತೈದು ವರ್ಷ ಮೊದಲೇ ಕಂಡದ್ದೇ. ಕಲಿಯಲು ಅಷ್ಟು ವರ್ಷ ಇತ್ತು. ಸತ್ತವರಲ್ಲಿ ಶಾಲೆಗೆ ಹೋಗುವ ಮಗುವೂ ಇತ್ತು.

ಪೆರುಂಗುಡಿಗೆ ಇನ್ನೂ ಹತ್ತಿರದ ಪಾಠವೊಂದಿದೆ. 2023ರ ಸೆಪ್ಟೆಂಬರ್ 10ರಂದು ಪಣೈಯೂರಿನಲ್ಲಿ ಎ.ಆರ್. ರೆಹಮಾನ್ ಕಾರ್ಯಕ್ರಮ ನಡೆಯಿತು. ಓಎಂಆರ್ ಹಿಡಿದು ಷೋಲಿಂಗನಲ್ಲೂರಿಗೆ ಹೋಗಿ, ಅಕ್ಕರೈ ಕಡೆ ತಿರುಗಿದರೆ ಕಡಲ ದಂಡೆಯ ಆ ಜಾಗ. ಆಗಸ್ಟ್‌ನಲ್ಲಿ ನಡೆಯಬೇಕಿದ್ದದ್ದು ಮಳೆಯಿಂದ ಮುಂದೆ ಹೋಗಿತ್ತು. ಆ ಸಂಜೆ ದುಡ್ಡು ಕೊಟ್ಟು ಟಿಕೆಟ್ ಕೊಂಡ ಎಷ್ಟೋ ಜನ ಬಾಗಿಲ ತನಕ ಬಂದು ವಾಪಸು ಹೋದರು; ಮಕ್ಕಳು, ಹೆಂಗಸರು ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡರು. ಈಸ್ಟ್ ಕೋಸ್ಟ್ ರಸ್ತೆಯ ದಟ್ಟಣೆಯಲ್ಲಿ ಮುಖ್ಯಮಂತ್ರಿಯ ವಾಹನಗಳೂ ಸಿಲುಕಿದವು. ಒಳಗೆ ಬರಲಾಗದವರು ಟಿಕೆಟ್ಟಿನ ಪ್ರತಿ ಕಳಿಸಿ ಎಂದು ರೆಹಮಾನ್ ತಾವೇ ಬಹಿರಂಗವಾಗಿ ಕೇಳಿಕೊಂಡರು. ಹಣ ಮರಳಿಸುವುದು ಒಳ್ಳೆಯದೇ. ಆದರೆ ಉಸಿರುಗಟ್ಟಿದ ಆ ಒಂದೆರಡು ಗಂಟೆಗಳಿಗೆ ಮರುಪಾವತಿ ಇಲ್ಲ.

ಕೇಳುಗರನ್ನು ಲೆಕ್ಕಕ್ಕಿಟ್ಟುಕೊಂಡು ದಿನ ಆಚರಿಸುವುದು ಹೇಗೆಂದು ಮೆಟಾಲಿಕಾ ಅದೇ 2011ರಲ್ಲಿ ತೋರಿಸಿತು. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣದಲ್ಲಿ ನಾಲ್ಕು ರಾತ್ರಿ ಮೂವತ್ತರ ಹಬ್ಬ. ಕ್ರೀಡಾಂಗಣ ತುಂಬಿಸಬಲ್ಲ ಬ್ಯಾಂಡು ಆರಿಸಿಕೊಂಡದ್ದು ಸಾವಿರ ಚಿಲ್ಲರೆ ಜನರಷ್ಟೇ ಹಿಡಿಸುವ ಜಾಗ. ತಮ್ಮ ಅಭಿಮಾನಿ ಸಂಘದವರಿಗೆ ಟಿಕೆಟ್ ಒಂದಕ್ಕೆ 6 ಡಾಲರ್. ನಾಲ್ಕೂ ರಾತ್ರಿಗೆ ಸೇರಿ 19 ಡಾಲರ್ 81 ಸೆಂಟ್, ಹುಟ್ಟಿದ ವರ್ಷದ ಗುರುತಿಗೆ. ಬ್ಯಾಂಡ್ ಬಿಟ್ಟು ಹತ್ತು ವರ್ಷವಾಗಿದ್ದ ನ್ಯೂಸ್ಟೆಡ್‌ನೂ ಬಂದು ಅವರ ಜೊತೆ ನುಡಿಸಿದ.

ಓಎಂಆರ್ ಉದ್ದಕ್ಕೂ ಈಗ ಮೆಟ್ರೋ ಕಂಬಗಳು ಏಳುತ್ತಿವೆ. ಮಾಧವರಂನಿಂದ ಸಿರುಸೇರಿಯವರೆಗಿನ ಆ ಮಾರ್ಗದಲ್ಲಿ ಪೆರುಂಗುಡಿಗೂ ಒಂದು ನಿಲ್ದಾಣವಿದೆ. ರೈಲು ಓಡತೊಡಗಿದರೆ ಈ ಸಾಲಿನಲ್ಲಿ ದೊಡ್ಡ ಕಾರ್ಯಕ್ರಮಗಳು ಹೆಚ್ಚುವುದು ಖಂಡಿತ, ಹೆಚ್ಚಲಿ. ಅದಕ್ಕೂ ಮೊದಲು ಪಾಲಿಕೆಯೂ ಪೊಲೀಸರೂ ಲಿಖಿತವಾಗಿ ಇತ್ಯರ್ಥ ಮಾಡಬೇಕಾದ ಕೆಲವು ಸಂಗತಿಗಳಿವೆ: ಮೈದಾನಕ್ಕೆ ಎಷ್ಟು ಜನ ಎಂದು ಟಿಕೆಟ್ ಮಾರುವ ಮೊದಲೇ ನಿಗದಿ ಮಾಡುವವರು ಯಾರು, ಬ್ಯಾರಿಕೇಡ್ ಪರೀಕ್ಷಿಸಿ ಸಹಿ ಹಾಕುವ ಎಂಜಿನಿಯರ್ ಯಾರು, ಎಷ್ಟು ಬಾಗಿಲು ಯಾವ ಹೊತ್ತಿಗೆ ತೆರೆಯಬೇಕು, ಕಾರ್ಯಕ್ರಮ ನಿಲ್ಲಿಸಿದರೆ ಎಷ್ಟು ನಿಮಿಷದೊಳಗೆ ಯಾರು ಮೈಕಿನಲ್ಲಿ ಬಂದು ಜನರಿಗೆ ನಿಜ ಹೇಳಬೇಕು. ಅನುಮತಿ ಪತ್ರದಲ್ಲಿ ಈ ಹೆಸರುಗಳು ತುಂಬಿದ ಮೇಲಷ್ಟೇ ಟಿಕೆಟ್ ಮಾರಾಟ ಶುರುವಾಗಲಿ.