ಕಣ್ಣಿಗೆ ದುರ್ಬೀನು, ಕುತ್ತಿಗೆಗೆ ಭಾರ

ಇರುಳಿನಲ್ಲಿ ನೋಡುವ ದುರ್ಬೀನು ಒಂದು ಕಾಲದಲ್ಲಿ ಸೈನಿಕರಿಗಷ್ಟೇ ಮೀಸಲಾಗಿದ್ದ ವಸ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ನಮ್ಮ ಸೇನೆಗಾಗಿ ಇಂಥ ಸಾಧನಗಳನ್ನು ತಯಾರಿಸುತ್ತ ಬಂದಿದೆ. ಈಚೆಗೆ ಪ್ರಾಣಿಶಾಸ್ತ್ರಜ್ಞರೂ ವನರಕ್ಷಕರೂ ಅಪಾಯದಲ್ಲಿ ಸಿಲುಕಿದವರನ್ನು ಹುಡುಕಹೊರಡುವ ತಂಡದವರೂ ಲೋಕದ ನಾನಾ ಕಡೆಗಳಲ್ಲಿ ಇದನ್ನು ಬಳಸತೊಡಗಿದ್ದಾರೆ. ಒಂದೇ ಕಣ್ಣಿಗೆ ಹೊಂದುವ ಸಣ್ಣ ದುರ್ಬೀನನ್ನು ಶಿರಸ್ತ್ರಾಣಕ್ಕೆ ಸಿಕ್ಕಿಸಿಕೊಂಡು ಕೈಗಳೆರಡನ್ನೂ ಬಿಡುವಾಗಿಟ್ಟುಕೊಂಡು ನಡೆಯುವುದು ಇವರಲ್ಲಿ ರೂಢಿಯಾಗಿದೆ. ಆದರೆ ಕೊಳ್ಳುವವರು ವಿಚಾರಿಸುವುದೆಲ್ಲ ದುರ್ಬೀನಿನ ಒಳಗಿನ ನಳಿಗೆಯ ವಿಷಯವನ್ನೇ. ಅದು ಎರಡನೆಯ ತಲೆಮಾರಿನದೋ ಮೂರನೆಯದೋ, ಬಿಂಬ ಹಸುರೋ ಬಿಳಿಯೋ ಎಂದು ಕೇಳುವವರುಂಟು. ಅದನ್ನು ತಲೆಗೆ ಕೂಡಿಸುವ ಹಿಡಿಕೆ ಎಂಥದೆಂದು ಕೇಳುವವರು ವಿರಳ. ಕೆಳದಿಯ ಅರಸರು ಆಳಿದ ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ಮಲೆಸೀಮೆಯಲ್ಲಿ ಈ ಉಪಕರಣದ ಪ್ರಯೋಜನವನ್ನು ನಿರ್ಣಯಿಸುವುದು ಗಾಜಿಗಿಂತ ಮಿಗಿಲಾಗಿ ಹಿಡಿಕೆಯೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಉಪಕರಣದ ಕೆಲಸವನ್ನು ಸಂಕ್ಷೇಪವಾಗಿ ತಿಳಿಯೋಣ. ಮುಂದಿನ ಮಸೂರವು ಮಂದವಾದ ಬೆಳಕನ್ನು ಒಂದು ಲೇಪದ ಮೇಲೆ ಬೀಳಿಸುತ್ತದೆ. ಬೆಳಕು ತಾಗಿದೊಡನೆ ಆ ಲೇಪದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಲಕ್ಷಾಂತರ ಸೂಕ್ಷ್ಮರಂಧ್ರಗಳುಳ್ಳ ಗಾಜಿನ ತಟ್ಟೆಯೊಂದನ್ನು ಹಾಯುವಾಗ ಅವು ಒಂದಕ್ಕೆ ನೂರು ಸಾವಿರವಾಗಿ ಹೆಚ್ಚಿ, ಹೊಳೆಯುವ ಪರದೆಗೆ ಬಡಿದು ಬಿಂಬವನ್ನು ಮೂಡಿಸುತ್ತವೆ. ಇರುವ ಬೆಳಕನ್ನು ಈ ಯಂತ್ರ ಹೆಚ್ಚಿಸಬಲ್ಲದೇ ಹೊರತು, ಇಲ್ಲದ ಬೆಳಕನ್ನು ಹುಟ್ಟಿಸಲಾರದು. ಆಷಾಢದ ಮೋಡ ಕವಿದ ರಾತ್ರಿ, ದಟ್ಟಕಾಡಿನ ಮರಗಳಡಿಯಲ್ಲಿ ನಿಂತರೆ ನಕ್ಷತ್ರದ ಬೆಳಕೂ ಸಿಕ್ಕುವುದಿಲ್ಲ. ಕಾಣುವುದು ಮಿಣಮಿಣಿಸುವ ಚುಕ್ಕೆಗಳ ರಾಶಿ ಮಾತ್ರ. ಆಗ ಕಣ್ಣಿಗೆ ಕಾಣದ ಅವರಕ್ತ ಕಿರಣಗಳ ಪುಟ್ಟ ದೀಪವೊಂದನ್ನು ಜೊತೆಗೂಡಿಸಬೇಕಾಗುತ್ತದೆ. ತಲೆಯ ಮೇಲಿನ ಭಾರಕ್ಕೆ ಇನ್ನಷ್ಟು ಸೇರಿತೆಂದೇ ಅರ್ಥ.

ಹಿಡಿಕೆಯನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ದುರ್ಬೀನನ್ನು ತಲೆಗೆ ತೊಡಲೇಬೇಕೆ? ಗದ್ದೆಯಂಚಿನ ಮಾಳದಲ್ಲಿ ಕುಳಿತು ಕಾಡುಹಂದಿ, ಕಾಡುಕೋಣಗಳ ದಾರಿ ಕಾಯುವ ರೈತನಿಗೆ ಅದರ ಅಗತ್ಯವೇ ಇಲ್ಲ. ಬೇಕಾದಾಗ ಕೈಯಲ್ಲೆತ್ತಿ ನೋಡಿ ಕೆಳಗಿಟ್ಟರಾಯಿತು. ಕುಳಿತಲ್ಲೇ ಗೂಬೆಯ ಗೂಡನ್ನೋ ಕಾಡುಪಾಪದ ಚಲನವಲನವನ್ನೋ ಗಮನಿಸುವವರಿಗೆ ಮೂರು ಕಾಲಿನ ಆಸರೆಯೇ ಉತ್ತಮ. ತೊಡುವ ಮಾತು ಬರುವುದು ನಡೆಯುವವರಿಗೆ. ಆಗುಂಬೆಯ ಮಳೆಕಾಡಿನ ಹಳ್ಳದ ಜಾಡಿನಲ್ಲಿ ಕಪ್ಪೆಗಳನ್ನು ಎಣಿಸುತ್ತ ಸಾಗುವವರು, ಶರಾವತಿಯ ಕಣಿವೆಯಲ್ಲಿ ರಾತ್ರಿ ಗಸ್ತು ತಿರುಗುವವರು ದಣಪೆ ದಾಟಬೇಕು, ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೆಟ್ಟಿಲಿಳಿಯಬೇಕು, ಅಡಕೆಮರದ ಸಂಕದ ಮೇಲೆ ಹೆಜ್ಜೆಯಿಡಬೇಕು. ಅಂಥವರಿಗೆ ಕೈಗಳೆರಡೂ ಬೇಕು. ಆದುದರಿಂದ ಕಣ್ಣಿನ ಕೆಲಸಕ್ಕಿಂತ ಕಾಲಿನ ಕೆಲಸವನ್ನು ನೋಡಿ ಹಿಡಿಕೆಯನ್ನು ಆರಿಸಬೇಕು.

ಇನ್ನು ಕುತ್ತಿಗೆಯ ಲೆಕ್ಕ. ತಲೆಬುರುಡೆಯು ಬೆನ್ನೆಲುಬಿನ ಮೇಲೆ ಕುಳಿತಿರುವ ಕೀಲು ಹೆಚ್ಚುಕಡಮೆ ಕಿವಿಗಳ ನೇರದಲ್ಲಿದೆ. ತಲೆಯ ಗುರುತ್ವಕೇಂದ್ರ ಅದಕ್ಕಿಂತ ತುಸು ಮುಂದಿದೆ. ಕುಳಿತು ತೂಕಡಿಸುವವನ ತಲೆ ಮುಂದಕ್ಕೆ ವಾಲುವುದು ಇದರಿಂದಲೇ. ಎಚ್ಚರವಾಗಿರುವಾಗ ಹಿಂಗತ್ತಿನ ಸ್ನಾಯುಗಳು ಅದನ್ನು ಎಳೆದು ಹಿಡಿದಿರುತ್ತವೆ. ಸಿಂಬೆಯ ಮೇಲೆ ಸೊಪ್ಪಿನ ಹೊರೆಯನ್ನು ಹೊತ್ತವಳು ನೆಟ್ಟಗೆ ನಡೆಯಬಲ್ಲಳು, ಏಕೆಂದರೆ ಹೊರೆಯ ಭಾರ ಕೀಲಿನ ನೇರ ಮೇಲಿದೆ. ದುರ್ಬೀನಾದರೋ ಮುಖದ ಮುಂದೆ ಚಾಚಿಕೊಂಡಿರುವ ಭಾರ. ಅಡಕೆ ಕೊಯ್ಯುವ ದೋಟಿಯನ್ನು ನೆಟ್ಟಗೆ ಹಿಡಿದಾಗ ಅದು ಹಗುರವೆನಿಸುತ್ತದೆ, ವಾಲಿದೊಡನೆ ಕೈಯನ್ನು ಜಗ್ಗುತ್ತದೆ. ತೂಕ ಅಷ್ಟೇ ಇದ್ದರೂ ಆಧಾರಕ್ಕೂ ಅದಕ್ಕೂ ನಡುವಣ ಅಡ್ಡ ಅಂತರ ಹೆಚ್ಚಿತು. ಈ ತೂಕ ಮತ್ತು ಅಂತರಗಳ ಗುಣಲಬ್ಧಕ್ಕೆ ಬಲದ ಭ್ರಾಮಕವೆಂದು ಹೆಸರು. ಕುತ್ತಿಗೆಗೆ ದಣಿವು ತರುವುದು ಬರಿಯ ತೂಕವಲ್ಲ, ಈ ಭ್ರಾಮಕ.

ಅಂಕಿಗಳನ್ನು ಹಾಕಿ ನೋಡೋಣ. ಒಳ್ಳೆಯ ಒಂಟಿಗಣ್ಣಿನ ದುರ್ಬೀನು ಸುಮಾರು 350 ಗ್ರಾಂ ತೂಗುತ್ತದೆ. ಹಿಡಿಕೆಗೆ 150 ಗ್ರಾಂ ಸೇರಿಸಿದರೆ ಒಟ್ಟು 500 ಗ್ರಾಂ. ಇದು ಕೀಲಿನಿಂದ 18 ಸೆಂಟಿಮೀಟರು ಮುಂದಿದೆ ಎಂದು ಭಾವಿಸಿದರೆ ಗುಣಲಬ್ಧ 9000. ಇದನ್ನು ಸರಿದೂಗಿಸಲು, ಕೀಲಿನಿಂದ 12 ಸೆಂಟಿಮೀಟರು ಹಿಂದೆ, ತಲೆಯ ಹಿಂಭಾಗದಲ್ಲಿ 750 ಗ್ರಾಂ ಎದುರುತೂಕ ಕಟ್ಟಬೇಕು. ಮುಂದಿನ ಎಳೆತ ನಿಂತಿತು, ನಿಜ. ಆದರೆ ಶಿರಸ್ತ್ರಾಣವಲ್ಲದೆ ತಲೆಯ ಮೇಲೆ ಈಗ ಒಂದೂಕಾಲು ಕಿಲೋಗ್ರಾಂ ಭಾರವಿದೆ. ಅಷ್ಟೇ ಅಲ್ಲ, ತಲೆಯನ್ನು ಥಟ್ಟನೆ ಹೊರಳಿಸುವಾಗ ಎದುರಾಗುವ ಜಡತೆಯು ತೂಕವನ್ನು ಅಂತರದ ವರ್ಗದಿಂದ ಗುಣಿಸಿದಷ್ಟು. ದುರ್ಬೀನೊಂದೇ ಉಂಟುಮಾಡುತ್ತಿದ್ದ ಜಡತೆಗೆ ಅದರ ಮೂರರಲ್ಲಿ ಎರಡು ಪಾಲನ್ನು ಎದುರುತೂಕ ಕೂಡಿಸುತ್ತದೆ. ಸದ್ದಾದ ಕಡೆಗೆ ಫಕ್ಕನೆ ತಿರುಗುವವನ ಕುತ್ತಿಗೆ ಇದನ್ನೂ ತಾಳಬೇಕು. ಇಂಥ ಉಪಕರಣ ತೊಟ್ಟು ಹಾರಾಡುವ ಹೆಲಿಕಾಪ್ಟರ್ ಚಾಲಕರಲ್ಲಿ ಕುತ್ತಿಗೆ ನೋವು ಪರಿಚಿತವಾದ ಬಾಧೆ.

ಈಗ ಅದೇ ದುರ್ಬೀನನ್ನು 50 ಗ್ರಾಂ ಹಗುರವಾದ ಹಿಡಿಕೆಯಲ್ಲಿ, 2 ಸೆಂಟಿಮೀಟರು ಕಣ್ಣಿನ ಸಮೀಪಕ್ಕೆ ಸರಿಸಿ ಕೂಡಿಸಿದರೆ ಗುಣಲಬ್ಧ 7200ಕ್ಕೆ ಇಳಿಯುತ್ತದೆ. 600 ಗ್ರಾಂ ಎದುರುತೂಕ ಸಾಕು. ಒಟ್ಟಿನಲ್ಲಿ ತಲೆಯಿಂದ 200 ಗ್ರಾಂ ಇಳಿದಂತಾಯಿತು. ಎದುರುತೂಕವು ಔಷಧದಂತೆ, ರೋಗವನ್ನೇ ತಗ್ಗಿಸಿದ ಮೇಲೆ ಉಳಿದುದಕ್ಕೆ ಮಾತ್ರ ಅದನ್ನು ಕೊಡಬೇಕು. ಅದಕ್ಕೂ ಸೀಸದ ಗಟ್ಟಿಗಿಂತ ಬ್ಯಾಟರಿಯ ಪೆಟ್ಟಿಗೆಯೇ ಮೇಲು, ತೂಕವಾದರೂ ಕೆಲಸಕ್ಕೆ ಬಂದೀತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಂಥ ಕಡೆ ನೆಲದಾಳದಲ್ಲಿ ದುಡಿದವರ ಟೋಪಿದೀಪದಲ್ಲಿ ಇದೇ ವಿವೇಕ ಅಡಗಿತ್ತು: ದೀಪದ ಮೊಗ ತಲೆಯ ಮೇಲೆ, ಭಾರವಾದ ಬ್ಯಾಟರಿ ಸೊಂಟದ ಪಟ್ಟಿಯಲ್ಲಿ.

ಹಿಡಿಕೆ ಎಷ್ಟೇ ಉತ್ತಮವಾಗಿರಲಿ, ಶಿರಸ್ತ್ರಾಣವು ತಲೆಯ ಮೇಲೆ ಜಾರಿದರೆ ಎಲ್ಲ ವ್ಯರ್ಥ. ಕಣ್ಣು ದುರ್ಬೀನಿನ ಹಿಂದೆ ಸುಮಾರು 25 ಮಿಲಿಮೀಟರು ದೂರದಲ್ಲಿ, ನೇರವಾಗಿ ನಿಂತಾಗಲೇ 40 ಡಿಗ್ರಿಯ ಪೂರ್ಣ ನೋಟ ದೊರಕುತ್ತದೆ. ಕೆಲವೇ ಮಿಲಿಮೀಟರು ಸರಿದರೂ ಬಿಂಬದ ಒಂದು ಅಂಚು ಕತ್ತಲಾಗುತ್ತದೆ. ಬಡಗುತಿಟ್ಟಿನ ವೇಷಧಾರಿಯು ಚೌಕಿಯಲ್ಲಿ ಮುಂಡಾಸನ್ನು ಬಿಗಿಯುವ ಬಗೆಯನ್ನು ನೋಡಿದವರಿಗೆ ಇದು ಹೊಸತಲ್ಲ. ಕುಣಿಯುವಾಗ ಅದು ತಲೆಯೊಡನೆ ಒಂದಾಗಿ ಚಲಿಸಬೇಕು. ಕಟ್ಟಡದ ಕೆಲಸಗಾರರ ಗಟ್ಟಿಟೋಪಿಯಲ್ಲಿ ಚಿಪ್ಪು ಪಟ್ಟಿಗಳ ಮೇಲೆ ತೇಲುತ್ತಿರುತ್ತದೆಯಾಗಿ ಅದು ಈ ಕೆಲಸಕ್ಕೆ ಬಾರದು. ಮೋಟಾರುಬೈಕಿನ ಶಿರಸ್ತ್ರಾಣ ಭಾರವಾದುದು, ಕಿವಿಯನ್ನೂ ಮುಚ್ಚುತ್ತದೆ. ಹಿಡಿಕೆಗೆಂದು ಅದಕ್ಕೆ ತೂತು ಕೊರೆದರೆ ಪೆಟ್ಟು ತಡೆಯುವ ಅದರ ಗುಣವೇ ಕೆಡುತ್ತದೆ. ಬಂಡೆಯೇರುವವರ ಹಗುರ ಶಿರಸ್ತ್ರಾಣದಂತೆ ಹಿಂಬದಿಯಲ್ಲಿ ತಿರುಪಿನಿಂದ ಬಿಗಿಯಾಗುವ, ಗಲ್ಲದಡಿ ಕಟ್ಟುವ, ಹಿಡಿಕೆಯ ಫಲಕವನ್ನು ತಯಾರಿಕೆಯಲ್ಲೇ ಹೊಂದಿರುವಂಥದನ್ನು ಕೊಳ್ಳಬೇಕು.

ಹಿಡಿಕೆಯಲ್ಲಿ ಮೂರು ಗುಣಗಳನ್ನು ಪರೀಕ್ಷಿಸಬೇಕು. ಮೊದಲನೆಯದು, ಅಲುಗದಿರುವುದು. ದುರ್ಬೀನು ಹಿಡಿಕೆಗೆ ಸೇರುವ ಜಾಗದಲ್ಲಿ, ಬಡಗಿಗಳು ಹಲಗೆಗಳನ್ನು ಕೂಡಿಸುವಂತೆ ಬುಡ ಅಗಲವಾಗಿ ಬಾಯಿ ಕಿರಿದಾದ ಡವ್‌ಟೇಲ್ ಸಂದು ಇದ್ದರೆ ಅಲುಗಾಟ ಕಡಮೆ. ಎರಡನೆಯದು, ಒಂದೇ ಕೈಯಿಂದ, ನೋಡದೆಯೇ, ಮೇಲಕ್ಕೆ ಮಡಚಲು ಬರುವುದು. ದೂರಕ್ಕೆ ಹೊಂದಿಸಿದ ದುರ್ಬೀನಿನಲ್ಲಿ ಕಾಲಬುಡ ಮಸುಕಾಗಿರುತ್ತದೆ. ಒಂದೇ ಕಣ್ಣಿನ ನೋಟದಲ್ಲಿ ಆಳದ ಅಂದಾಜೂ ಸಿಗದು. ಸಂಕದ ಬಳಿ ಬಂದಾಗ ಒಂದು ಕೈ ಹಿಡಿಗೋಲಿನ ಮೇಲಿರಬೇಕು, ಇನ್ನೊಂದು ದುರ್ಬೀನನ್ನು ಸರಿಸಿ ಸಣ್ಣ ಕೆಂಪು ದೀಪವನ್ನು ಹೊತ್ತಿಸಬೇಕು. ಮೂರನೆಯದು, ಬಲವಾಗಿ ಎಳೆದರೆ ತಾನಾಗಿ ಬಿಟ್ಟುಕೊಡುವುದು. ಬೆತ್ತದ ಬಳ್ಳಿ ದುರ್ಬೀನಿಗೆ ಸಿಕ್ಕಿಕೊಂಡಾಗ ಹಿಡಿಕೆ ಬಿಡದಿದ್ದರೆ ತಿರುಚಿಕೊಳ್ಳುವುದು ಕುತ್ತಿಗೆ. ಬಿಟ್ಟ ದುರ್ಬೀನು ಹಳ್ಳದ ಪಾಲಾಗದಂತೆ ಗಿಡ್ಡ ದಾರವೊಂದು ಅದನ್ನು ಶಿರಸ್ತ್ರಾಣಕ್ಕೆ ಬಂಧಿಸಿರಬೇಕು. ಆ ದಾರವನ್ನು ಎಂದೂ ಕೊರಳಿಗೆ ಸುತ್ತಬಾರದು.

ಇಷ್ಟೆಲ್ಲ ಖರ್ಚೇಕೆ, ಬಟ್ಟೆಪಟ್ಟಿಯ ತಲೆಕಟ್ಟು ಸಾಲದೆ ಎಂದು ಕೇಳುವವರುಂಟು. ಅಂಗಳದಲ್ಲಿ ಹತ್ತು ನಿಮಿಷ ನಿಲ್ಲುವವರಿಗೆ ಸಾಕು. ಗಂಟೆಗಟ್ಟಲೆ ನಡೆಯುವವರಿಗೆ ಅದು ಹಣೆಯನ್ನು ಒತ್ತಿ ತಲೆನೋವು ತರುತ್ತದೆ, ಬೆವರಿಗೆ ಜಾರುತ್ತದೆ, ಬಿದ್ದರೆ ತಲೆಯನ್ನು ಕಾಯುವುದಿಲ್ಲ. ಹತ್ತಾರು ಜನ ಹಣ ಕೂಡಿಸಿ ಉಪಕರಣ ಕೊಳ್ಳುವ ನಿಸರ್ಗಪ್ರಿಯರ ಬಳಗಗಳು ಇದನ್ನು ವಿಶೇಷವಾಗಿ ಯೋಚಿಸಬೇಕು. ಎಲ್ಲ ಹಣವನ್ನೂ ನಳಿಗೆಗೆ ಸುರಿದು ಅಗ್ಗದ ಹಿಡಿಕೆಯಿಂದ ತೃಪ್ತಿಪಟ್ಟರೆ, ಎರಡೇ ರಾತ್ರಿಗಳಲ್ಲಿ ಆ ದುರ್ಬೀನು ಕಪಾಟು ಸೇರುವುದು ಖಂಡಿತ.

ಕೊಳ್ಳುವ ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ತಕ್ಕಡಿಯಲ್ಲಿ ತೂಗಿ, ಒಟ್ಟು 500 ಗ್ರಾಂ ಬರುವಂತೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಮರಳು ತುಂಬಿರಿ. ಅದನ್ನು ಎರವಲು ತಂದ ಶಿರಸ್ತ್ರಾಣದ ಮುಂದೆ, ಕಣ್ಣಿನ ಮಟ್ಟಕ್ಕೆ ಬರುವಂತೆ ಕೋಲೊಂದಕ್ಕೆ ಬಿಗಿದು ಕಟ್ಟಿ, ಹಾಡಹಗಲಿನಲ್ಲಿ ಒಂದು ಗಂಟೆ ತೋಟದಲ್ಲಿ ತಿರುಗಾಡಿ ಬನ್ನಿ. ಬಾಗಿ ನೋಡಿ, ದಣಪೆ ದಾಟಿ ನೋಡಿ, ಕರೆದ ಕಡೆಗೆ ಥಟ್ಟನೆ ತಿರುಗಿ ನೋಡಿ. ಹಿಂಬದಿಗೆ ಎಷ್ಟು ತೂಕ ಬೇಕು, ಶಿರಸ್ತ್ರಾಣ ಎಲ್ಲಿ ಜಾರುತ್ತದೆ, ನಿಮ್ಮ ಕುತ್ತಿಗೆ ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನು ಆ ಒಂದು ಗಂಟೆಯೇ ತಿಳಿಸೀತು. ಅನಂತರ ಮೊದಲು ಶಿರಸ್ತ್ರಾಣ, ಆಮೇಲೆ ಹಿಡಿಕೆ, ಉಳಿದ ಹಣಕ್ಕೆ ಒದಗುವ ದುರ್ಬೀನು, ಹೀಗೆ ಕ್ರಮವಾಗಿ ಕೊಳ್ಳಿರಿ. ಇದು ನೋಡುವವರಿಗಾಗಿ ಬರೆದ ಮಾತು, ಬೇಟೆಗಾರರಿಗಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ರಾತ್ರಿ ಕಾಡಿಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯ ಅಪ್ಪಣೆ ಪಡೆಯುವುದನ್ನು ಮರೆಯಬಾರದು.